ಓದಿ ಹೇಳುವವನ ಶೀಲ

ಇಂದಿನ ಧಮ್ಮ ಚಿಂತನೆ



ಹೋದ ತಿಂಗಳು ಕೋಲಾರದಲ್ಲಿ ನಮ್ಮ ಅಧ್ಯಯನ ಕೂಟ ಸೇರಿದ್ದಾಗ ಪಂಚಶೀಲದ ನಾಲ್ಕನೆಯದನ್ನು, ಅಂದರೆ ಮುಸಾವಾದಾ ವೇರಮಣಿಯನ್ನು ಚರ್ಚಿಸಿದೆವು. ಮಾಲೂರಿನಿಂದ ಬಂದಿದ್ದ ಅಕ್ಕ ಒಬ್ಬರು ಕೇಳಿದರು: "ಇನ್ನೊಬ್ಬರ ಮನಸ್ಸು ನೋಯಬಾರದು ಅಂತ ಹೇಳಿದ ಸುಳ್ಳೂ ಸುಳ್ಳೇನಾ?" ಎಲ್ಲರೂ ಒಂದೊಂದು ಮಾತು ಹೇಳಿದರು. ನಾನು ಬಾಯಿ ಬಿಡಲಿಲ್ಲ. ಅಂಥದ್ದೇ ಒಂದು ಸುಳ್ಳು ನನ್ನ ಹತ್ತಿರ ಇತ್ತು. ಇವತ್ತು ಬರೆಯುವ ಸರದಿ ನನ್ನದು, ಹಾಗಾಗಿ ಅದನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಯಾಕೆಂದರೆ ನಾನು ಮಾಡಿದ್ದು ಏನು ಎಂದು ನನಗೆ ತಿಳಿದದ್ದು ಜಪಾನಿನ ಅಕ್ಷರಗಳನ್ನು ಕಲಿಯುವಾಗ. ಬಿಡುವಾದಾಗ ಓದಿ.

ನಾನು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. 2013ರಲ್ಲಿ ಹೋಂಡಾದವರ ಸ್ಕೂಟರ್ ಕಾರ್ಖಾನೆ ಅಲ್ಲಿ ಶುರುವಾದದ್ದು ನಿಮಗೆಲ್ಲ ಗೊತ್ತೇ ಇದೆ. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆಯ ನಮ್ಮ ಹುಡುಗ ಹುಡುಗಿಯರು ಕತ್ತಲಿರುವಾಗಲೇ ಕಂಪನಿ ಬಸ್ಸು ಹತ್ತಿ ಹೋಗುವುದು ಆ ಕಡೆಗೇ. ನಾನು ಕೆಲಸ ಮಾಡುವ ಮೆಷಿನ್ ಜಪಾನಿನಿಂದ ಬಂದದ್ದು. ಅದರ ಮೇಲೆ ಅಂಗೈ ಅಗಲದ ಒಂದು ಕೆಂಪು ಗುಂಡಿ, ಗುಂಡಿಯ ಕೆಳಗೆ ನಾಲ್ಕು ಅಕ್ಷರ. ಏನೋ ತಪ್ಪಾದರೆ ಅದನ್ನು ಒತ್ತಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಒತ್ತುವುದು ಗೊತ್ತಿತ್ತು, ಓದುವುದು ಗೊತ್ತಿರಲಿಲ್ಲ. ದಿನಕ್ಕೆ ಎಂಟು ಗಂಟೆ ಕಣ್ಣೆದುರಿಗಿರುವ ಅಕ್ಷರವನ್ನು ಓದಲಾಗದೆ ನಿಂತಿರುವುದು ನನಗೆ ಒಂಥರಾ ಹಿಂಸೆಯಾಗುತ್ತಿತ್ತು. ನಮ್ಮ ತಾತ ಜೀವಮಾನವಿಡೀ ಹಾಗೆ ನಿಂತಿದ್ದವರಲ್ಲವೇ ಎಂದು ಆಗಾಗ ಅನಿಸುತ್ತಿತ್ತು. ಒಂದು ರಾತ್ರಿ ಪಾಳಿಯಲ್ಲಿ ಮೆಷಿನ್ ನಿಂತಿದ್ದಾಗ ಆ ನಾಲ್ಕೂ ಅಕ್ಷರಗಳನ್ನು ಬೆರಳಿನಿಂದ ಮೊಬೈಲ್ ನಿಘಂಟಿನ ಮೇಲೆ ಗೀಚಿದೆ. 'ಹಿಜೋ ತೇಯ್ಶಿ'. ತುರ್ತು ನಿಲುಗಡೆ.

ಶುರುವಾದದ್ದು ಹಾಗೆ. ಕ್ಲಾಸಿಗೆ ಹೋಗಲಿಲ್ಲ, ಹೋಗಲು ಹಣವೂ ಇರಲಿಲ್ಲ, ಪಾಳಿ ಕೆಲಸದಲ್ಲಿ ಹೊತ್ತೂ ಇರಲಿಲ್ಲ. ಮಕ್ಕಳು ಲೆಕ್ಕ ಮಾಡುವ ಚೌಕದ ನೋಟ್‌ಬುಕ್ಕು ಒಂದು, ಮೊಬೈಲು ಒಂದು. ಮೊದಲು ಹಿರಗಾನ, 46 ಅಕ್ಷರ. ಇದು ನಮಗೆ ಸುಲಭ. ಅವರ ವರ್ಣಮಾಲೆ ಅ ಇ ಉ ಎ ಒ ಎಂದೇ ಆರಂಭವಾಗಿ ಕ ಸ ತ ನ ಹ ಮ ಯ ರ ವ ಎಂದು ಮುಂದುವರಿಯುತ್ತದೆ. ಈ ಜೋಡಣೆ ಅಲ್ಲಿಗೆ ಹೋದದ್ದು ನಮ್ಮ ಕಡೆಯಿಂದ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಮಂತ್ರಗಳನ್ನು ಕಲಿಯುತ್ತಿದ್ದಾಗ ಆ ಕ್ರಮವನ್ನೂ ಕಲಿತರು. ಇದನ್ನು ತಿಳಿದ ದಿನ ನಾನು ಎಷ್ಟು ಹಿಗ್ಗಿದೆನೆಂದರೆ ಊಟದ ಬಿಡುವಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಆಮೇಲೆ ಕಾಂಜಿ. ಮನೆಯಲ್ಲಿ "ಕಾಂಜಿ ಕಲೀತಿದೀನಿ" ಎಂದಾಗ ಅಮ್ಮ ಗಂಜಿ ಎಂದುಕೊಂಡು, "ಅದನ್ನೇನು ಕಲಿಯೋದು, ನಾನೇ ಮಾಡ್ತೀನಲ್ಲ" ಎಂದರು. ಕಾಂಜಿ ಎಂದರೆ ಚೀನಾದಿಂದ ಜಪಾನಿಗೆ ಬಂದ ಚಿತ್ರದಂಥ ಅಕ್ಷರಗಳು. ಒಂದೊಂದೂ ಒಂದು ಪದ ಅಥವಾ ಪದದ ತುಂಡು. ಸಾಮಾನ್ಯ ಬಳಕೆಗೆಂದು ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವುದೇ 2,136. ಬಹಳಷ್ಟಕ್ಕೆ ಎರಡು ಮೂರು ಉಚ್ಚಾರ. ಮೂರು ವರ್ಷ ಕಲಿತು ನನಗೆ ಬರುವುದು ಸುಮಾರು ಏಳುನೂರು, ಅದರಲ್ಲಿ ನೂರು ಆಗಾಗ ಮರೆತುಹೋಗುತ್ತವೆ.

ಗುರುವಿಲ್ಲದೆ ಕಲಿಯುವವನ ಪಾಡು ಹೇಳುತ್ತೇನೆ ಕೇಳಿ. ಬಾಯಿ ಎಂಬ ಅಕ್ಷರ ಒಂದು ಚೌಕ. ನಾನು ಅದನ್ನು ತಿಂಗಳುಗಟ್ಟಲೆ ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಸುತ್ತಿದೆ. ಅದು ಮೂರು ಗೆರೆಯದು, ಇಂಥ ಕಡೆಯಿಂದಲೇ ಶುರು ಮಾಡಬೇಕು ಎಂದು ನಮ್ಮ ಕಾರ್ಖಾನೆಗೆ ಬಂದು ಹೋಗುವ ಒಬ್ಬ ಜಪಾನಿ ತಂತ್ರಜ್ಞ ನಕ್ಕು ತೋರಿಸಿದ ಮೇಲೆ ಮತ್ತೆ ಮೊದಲಿಂದ ತಿದ್ದಿದೆ. ಇನ್ನೊಂದು ಕಷ್ಟ, ಕಥೆ ಕಟ್ಟುವ ಚಟ. ಮರದ ಪಕ್ಕ ಮನುಷ್ಯ ನಿಂತರೆ ವಿಶ್ರಾಂತಿ ಎಂಬ ಅಕ್ಷರ. ಎಷ್ಟು ಚೆನ್ನಾಗಿದೆ! ನಮ್ಮ ಕಡೆ ಮಾವಿನ ತೋಪಿನಲ್ಲಿ ಕಾಯಿ ಕೀಳುವವರು ಮಧ್ಯಾಹ್ನ ಒರಗಿ ಕೂರುವ ಹಾಗೆಯೇ ಇದೆ. ಇದು ನಿಜವೂ ಹೌದು. ಆದರೆ ಈ ಧೈರ್ಯದಲ್ಲಿ ಮುಂದಕ್ಕೆ ಹೋದರೆ ಮೋಸ ಹೋಗುತ್ತೇವೆ. ಸೂರ್ಯನ ಪಕ್ಕ ದೇವಾಲಯ ಇದ್ದರೆ 'ಕಾಲ' ಎಂಬ ಅಕ್ಷರ. ವಿಹಾರದ ಗಂಟೆ ಹೊತ್ತು ತಿಳಿಸುತ್ತಿತ್ತು, ಅದಕ್ಕೇ ಹೀಗೆ ಎಂದು ನಾನೇ ಕಥೆ ಕಟ್ಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸುಳ್ಳು. ಆ ದೇವಾಲಯ ಅಲ್ಲಿರುವುದು ಉಚ್ಚಾರ ಸೂಚಿಸಲು ಮಾತ್ರ, ಅರ್ಥಕ್ಕಲ್ಲ. ಮನುಷ್ಯ ಎಂಬ ಅಕ್ಷರವೂ ಹೀಗೇ. ಎರಡೇ ಗೆರೆ, ಒಂದಕ್ಕೊಂದು ಒರಗಿದ ಹಾಗೆ. ಒಬ್ಬರಿಗೊಬ್ಬರು ಆಸರೆಯಾದರೆ ಮನುಷ್ಯ ಎಂದು ಜಪಾನಿನಲ್ಲೇ ಹೇಳುವುದುಂಟು. ಅಸಲಿಗೆ ಅದು ಪಕ್ಕದಿಂದ ಕಂಡ ಒಬ್ಬನೇ ಮನುಷ್ಯನ ಚಿತ್ರ. ಚೆಂದದ ಕಥೆ ನೆನಪಿಗೆ ಒಳ್ಳೆಯದು, ಆದರೆ ಚೆಂದವಾಗಿದೆ ಎಂದ ಮಾತ್ರಕ್ಕೆ ನಿಜವಾಗುವುದಿಲ್ಲ. ಈ ಪಾಠ ಅಕ್ಷರದ ವಿಷಯದಲ್ಲಿ ನನಗೆ ಬೇಗ ಅರ್ಥವಾಯಿತು, ಮನೆಯ ವಿಷಯದಲ್ಲಿ ಆಗಲಿಲ್ಲ.

ಸಾಕು ಎನಿಸಿದಾಗಲೆಲ್ಲ ಬಾಬಾಸಾಹೇಬರನ್ನು ನೆನೆಯುತ್ತಿದ್ದೆ. ಶಾಲೆಯಲ್ಲಿ ಅವರಿಗೆ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಆಮೇಲೆ ಅವರು ತಾವೇ ಸಂಸ್ಕೃತ ಓದಿಕೊಂಡರು. ಕೊನೆಯ ವರ್ಷಗಳಲ್ಲಿ ಪಾಲಿ ಭಾಷೆಯ ನಿಘಂಟು, ವ್ಯಾಕರಣಕ್ಕೆ ಕೈ ಹಾಕಿದರು. ಅವರ ಬರಹ ಭಾಷಣಗಳ 16ನೇ ಸಂಪುಟವೆಲ್ಲ ಅದೇ. ಕಾನೂನು, ಸಂಸತ್ತು, ಸಕ್ಕರೆ ಕಾಯಿಲೆ, ಕಾಲುನೋವು ಇಷ್ಟರ ನಡುವೆ ಒಬ್ಬರು ಕೂತು ಪದಕ್ಕೆ ಪದ ಜೋಡಿಸುವುದೆಂದರೆ? ಇನ್ನೊಬ್ಬರು ಓದಿ ಹೇಳಿದ್ದನ್ನು ನಂಬಿ ನಾವು ಏನೇನು ಕಳೆದುಕೊಂಡಿದ್ದೇವೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲೇ, ಕೆಜಿಎಫ್‌ನ ಮಾರಿಕುಪ್ಪಂನಲ್ಲಿ, ಗಣಿಯೊಳಗೆ ಇಳಿಯುತ್ತಿದ್ದ ತಮಿಳು ಕಾರ್ಮಿಕರು 20ನೇ ಶತಮಾನದ ಆರಂಭದಲ್ಲೇ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಕಟ್ಟಿದ್ದರು. ದಾಸರ 'ತಮಿಳನ್' ಪತ್ರಿಕೆ ಓದುತ್ತಿದ್ದರು. ತಮ್ಮ ಜನರಿಗೆ ಅಂಟಿಸಿದ ಕೀಳು ಹೆಸರುಗಳು ಎಲ್ಲಿಂದ ಬಂದವು ಎಂದು ಹಳೆಯ ಗ್ರಂಥಗಳನ್ನು ತಾವೇ ಓದಿ ಹುಡುಕಿದವರು ಅಯೋತಿ ದಾಸರು. ನಾವು ಇವರನ್ನು ಮರೆಯುತ್ತಿದ್ದೇವೆ, ಇದರ ಬಗ್ಗೆ ಇನ್ನೊಂದು ದಿನ ಯಾರಾದರೂ ಬರೆಯಬೇಕು.

ಜಪಾನ್ ಎಂದರೆ ನನಗೆ ಬೌದ್ಧರ ದೇಶ. ನಾಗಪುರದಲ್ಲಿ ನೆಲೆಸಿ ನಮ್ಮವರೇ ಆಗಿಹೋದ ಭದಂತ ಸುರೈ ಸಸಾಯಿಯವರು ಹುಟ್ಟಿದ ದೇಶ. ಆದ್ದರಿಂದ 'ಬುದ್ಧ' ಎಂಬ ಅಕ್ಷರ ಬರೆಯಲು ಬಂದ ದಿನ ಹಬ್ಬ ಮಾಡಿದ ಹಾಗಿತ್ತು. ಎಡಕ್ಕೆ ಮನುಷ್ಯ, ಬಲಕ್ಕೆ ಒಂದು ಸಣ್ಣ ಮಡಿಕೆ ಗೆರೆ. ಅದರ ಹಳೆಯ ರೂಪದಲ್ಲಿ ಬಲಕ್ಕೆ ಇರುವ ಭಾಗಕ್ಕೆ ಬಿಡಿಯಾಗಿ 'ಅಲ್ಲ' ಎಂಬ ಅರ್ಥವಿದೆ. ಅದೂ ಧ್ವನಿಗಾಗಿ ಬಂದದ್ದೇ. ಆದರೂ ಆಗ ನನಗೆ ವಿಚಿತ್ರ ಅನಿಸಿತ್ತು, ಮನುಷ್ಯನ ಪಕ್ಕದಲ್ಲಿ ಒಂದು 'ಅಲ್ಲ' ನಿಂತಿದೆಯಲ್ಲ ಎಂದು.

'ಅಲ್ಲ' ಎನ್ನುವುದಕ್ಕೆ ಇನ್ನೊಂದು ಅಕ್ಷರವಿದೆ. ಅದು ನಮ್ಮ ಮೆಷಿನ್ನಿನ ಕೆಂಪು ಗುಂಡಿಯ ಕೆಳಗಿನ ಮೊದಲ ಅಕ್ಷರ, 'ಹಿ'. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಬಾಚಣಿಗೆಯ ಹಾಗೆ ಇರುತ್ತದೆ, ಒಂದೊಂದಕ್ಕೂ ಮೂರು ಹಲ್ಲು. ಮಾಮೂಲಿ 'ಅಲ್ಲ'ದ್ದು ಯಾವುದೋ ಅದು ತುರ್ತು. ಒಂದು ರಾತ್ರಿ ನಿಘಂಟಿನಲ್ಲಿ ಮನುಷ್ಯ ಎಂಬ ಅಕ್ಷರದಿಂದ ಮುಗಿಯುವ ಪದಗಳ ಪಟ್ಟಿ ನೋಡುತ್ತಿದ್ದೆ. ಬ್ಯೋನಿನ್, ರೋಗಿ. ಶೋನಿನ್, ವ್ಯಾಪಾರಿ. ಶೊಕುನಿನ್, ಕುಶಲಕರ್ಮಿ. ಹೀಗೆ ಬರುತ್ತಾ ಬರುತ್ತಾ ಕೆಂಪು ಗುಂಡಿಯ ಅಕ್ಷರ ಕಂಡಿತು, ಅದರ ಪಕ್ಕ ಮನುಷ್ಯ. ಅರ್ಥ ನೋಡುವ ಮುಂಚೆಯೇ ನಾನು ಓದಿಬಿಟ್ಟಿದ್ದೆ. ಹಿ-ನಿನ್. ಮನುಷ್ಯನಲ್ಲದವನು.

ಯಾರ ಸಹಾಯವೂ ಇಲ್ಲದೆ ನಾನು ಓದಿದ ಮೊದಲ ಹೊಸ ಪದ ಇದು.

ಮರುವಾರ ಆ ತಂತ್ರಜ್ಞರು ಬಂದಾಗ ಮೊಬೈಲಿನಲ್ಲಿ ಪದ ತೋರಿಸಿ ಕೇಳಿದೆ. ತುಂಬಾ ಒಳ್ಳೆಯ ಮನುಷ್ಯ, ನನ್ನ ನೋಟ್‌ಬುಕ್ಕು ತಿದ್ದಿಕೊಟ್ಟವರು. ಅವರು ಒಮ್ಮೆ ಸುತ್ತ ನೋಡಿದರು. ಮೊಬೈಲನ್ನು ಮೆಲ್ಲಗೆ ನನ್ನ ಕೈಗೆ ವಾಪಸ್ ಕೊಟ್ಟು "ಮುಕಾಶಿ, ಮುಕಾಶಿ" ಎಂದರು. ಹಿಂದೆ, ಬಹಳ ಹಿಂದೆ. ನನಗೆ ಆ ಮುಖ ಗುರುತು ಸಿಕ್ಕಿತು. ನಮ್ಮೂರಿನಲ್ಲಿ "ಅದೆಲ್ಲ ಆಗಿನ ಕಾಲದಲ್ಲಿ ಇತ್ತಪ್ಪ, ಈಗೆಲ್ಲಿದೆ" ಎನ್ನುವವರ ಮುಖವೂ ಹಾಗೇ ಇರುತ್ತದೆ. ಕೆಟ್ಟವರೆಂದಲ್ಲ. ಮಾತು ಬೇಡ, ಅಷ್ಟೇ.

ಆಮೇಲೆ ನಾನೇ ಹುಡುಕಿ ಓದಿದೆ. ಜಪಾನಿನಲ್ಲಿ ಬುರಾಕು ಜನರೆಂದು ಇದ್ದಾರೆ. ಬಣ್ಣ ಅದೇ, ಭಾಷೆ ಅದೇ, ಮುಖ ಅದೇ. ಅವರ ಹಿರಿಯರು ಸತ್ತ ದನ ಎತ್ತಿದವರು, ಚರ್ಮ ಹದ ಮಾಡಿದವರು. ತೊಕುಗಾವ ಆಳ್ವಿಕೆಯಲ್ಲಿ ಅವರಿಗೆ 'ಎತ' ಎಂಬ ಹೆಸರನ್ನು ಖಾಯಂ ಮಾಡಿದರು. ಅದನ್ನು ಬರೆಯುವ ಎರಡು ಕಾಂಜಿಗಳ ಅರ್ಥ 'ಬಹಳ ಮೈಲಿಗೆ'. ಅವರ ಜೊತೆಗೆ ಈ ಹಿನಿನ್. ಕೇರಿ ಬೇರೆ, ಮದುವೆ ಬೇರೆ. 1871ರಲ್ಲಿ ಸರ್ಕಾರ ಆ ಹೆಸರುಗಳನ್ನು ರದ್ದು ಮಾಡಿತು. ರದ್ದಾದದ್ದು ಹೆಸರು ಮಾತ್ರ. ಆದ್ದರಿಂದ 1922ರ ಮಾರ್ಚ್ 3ರಂದು ಆ ಜನ ಕ್ಯೋಟೋದಲ್ಲಿ ಸೇರಿ ಸುಯ್‌ಹೇಯ್‌ಶಾ ಎಂಬ ಸಂಘಟನೆ ಕಟ್ಟಿದರು. ನಮ್ಮ ಮಹಾಡ್‌ಗಿಂತ ಐದು ವರ್ಷ ಮೊದಲು! ಕಪ್ಪು ಬಾವುಟ, ಅದರ ಮೇಲೆ ರಕ್ತದ ಬಣ್ಣದ ಮುಳ್ಳಿನ ಕಿರೀಟ. ಘೋಷಣೆ ಬರೆದವರು ಸಾಯ್ಕೊ ಮಾಂಕಿಚಿ, ಬೌದ್ಧ ದೇವಾಲಯದ ಮನೆಯಲ್ಲೇ ಹುಟ್ಟಿದವರು. ತಮ್ಮನ್ನು ಕರೆದ ಆ ಕೀಳು ಪದವನ್ನು ಅವರು ಮುಚ್ಚಿಡಲಿಲ್ಲ, ಘೋಷಣೆಯಲ್ಲೇ ಎತ್ತಿ ಹಿಡಿದರು.

ಇಷ್ಟಾದರೆ ನಾನು ತಡೆದುಕೊಳ್ಳುತ್ತಿದ್ದೆ. ಮುಂದಿನದು ಓದಿದ ಮೇಲೆ ಎರಡು ದಿನ ನೋಟ್‌ಬುಕ್ಕು ಮುಟ್ಟಲಿಲ್ಲ.

ಜಪಾನಿನಲ್ಲಿ ಯಾರಾದರೂ ತೀರಿಕೊಂಡರೆ ಬೌದ್ಧ ಪುರೋಹಿತರು ಅವರಿಗೆ ಹೊಸ ಧಾರ್ಮಿಕ ಹೆಸರು ಕೊಡುತ್ತಾರೆ, 'ಕಾಯ್‌ಮ್ಯೋ' ಎಂದು. ಸಮಾಧಿಯ ಕಲ್ಲಿನ ಮೇಲೆ ಅದನ್ನೇ ಕೆತ್ತುತ್ತಾರೆ, ದೇವಾಲಯದ ದಾಖಲೆಯಲ್ಲೂ ಅದನ್ನೇ ಬರೆಯುತ್ತಾರೆ. ಬುರಾಕು ಜನ ಸತ್ತಾಗ ಕೆಲವು ಪುರೋಹಿತರು ಕೊಟ್ಟ ಹೆಸರುಗಳಲ್ಲಿ 'ಪಶು', 'ಚರ್ಮ', 'ಆಳು' ಎಂಬ ಅಕ್ಷರಗಳನ್ನು ಸೇರಿಸಿದರು. 'ಸೆಂದರ' ಎಂಬುದನ್ನೂ ಸೇರಿಸಿದರು. ಸೆಂದರ ಎಂದರೇನು ಗೊತ್ತೇ? ನಮ್ಮ 'ಚಂಡಾಲ'. ಇಲ್ಲಿಂದ ಸೂತ್ರಗಳ ಜೊತೆಯಲ್ಲೇ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ಹೋಗಿ, ಕಾಂಜಿಯಲ್ಲಿ ಕೂತು, ಕಲ್ಲಿನ ಮೇಲೆ ಇಳಿದಿತ್ತು.

ಇನ್ನೊಂದು ಉಪಾಯವೂ ಇತ್ತು. ನಾಲ್ಕು ಬಿಡಿ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಬರೆಯುವುದು: ಕಪ್ಪು, ಹೊಲ, ಹಸು, ಒಂದು. ಓದು ಬಾರದ ಮನೆಯವರಿಗೆ ಏನೋ ಒಂದು ಹೆಸರು. ಅಕ್ಷರ ಕಲಿತವನಿಗೆ ಮಾತ್ರ ಕಾಣುತ್ತದೆ; ಕಪ್ಪನ್ನು ಹೊಲದ ಮೇಲೆ ಕೂರಿಸಿದರೆ ಒಂದು ಅಕ್ಷರ, ಹಸುವನ್ನು ಒಂದರ ಮೇಲೆ ಕೂರಿಸಿದರೆ ಇನ್ನೊಂದು, ಎರಡೂ ಸೇರಿದರೆ 'ಚಿಕುಶೋ', ಮೃಗ. ಮನುಷ್ಯನನ್ನು ಮರದ ಪಕ್ಕ ಕೂರಿಸಿ ವಿಶ್ರಾಂತಿ ಎಂದು ನಾನು ಹಿಗ್ಗುತ್ತಿದ್ದೆನಲ್ಲ, ಅದೇ ಆಟ. ಮನೆಯವರು ದುಡ್ಡು ಕೊಟ್ಟು ಕೆತ್ತಿಸಿದ ಕಲ್ಲಿಗೆ ಹೂವಿಟ್ಟು, ಧೂಪ ಹಚ್ಚಿ ಕೈಮುಗಿಯುತ್ತಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಗೊತ್ತಿದ್ದದ್ದು ಪುರೋಹಿತನಿಗೆ.

1979ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆದ ಧರ್ಮ ಮತ್ತು ಶಾಂತಿಯ ವಿಶ್ವ ಸಮ್ಮೇಳನದಲ್ಲಿ ಸೋತೊ ಜೆನ್ ಪಂಥದ ಆಗಿನ ಮುಖ್ಯಸ್ಥರು, ಜಪಾನಿನಲ್ಲಿ ಇಂಥ ತಾರತಮ್ಯವೇ ಇಲ್ಲ ಎಂದುಬಿಟ್ಟರು. ಬುರಾಕು ಸಂಘಟನೆ ಬಿಡಲಿಲ್ಲ. ಆಮೇಲೆ ಆ ಪಂಥವೇ ತನ್ನ ದೇವಾಲಯಗಳ ದಾಖಲೆ, ಸಮಾಧಿ ಕಲ್ಲುಗಳನ್ನು ಪರಿಶೀಲಿಸಬೇಕಾಯಿತು. 1984ರಲ್ಲಿ ನೈರೋಬಿಯ ಸಮ್ಮೇಳನದಲ್ಲಿ ಅದೇ ಮುಖ್ಯಸ್ಥರು ಕ್ಷಮೆ ಕೇಳಿದರು.

ನಾನು ಇದನ್ನು ಹೇಳಿದಾಗ ನಮ್ಮ ಕೂಟದ ಸ್ನೇಹಿತರೊಬ್ಬರು, "ಗ್ರೂಪಿಗೆ ಹಾಕಬೇಡ ಮಾರಾಯ, ಬೇರೆಯವರ ಕೈಗೆ ಸಿಕ್ಕರೆ ನೋಡಿ ಬೌದ್ಧರಲ್ಲೂ ಜಾತಿ ಇದೆ ಅಂತಾರೆ" ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಬರೆಯುವಾಗ ಮೊದಲ ಪುಟಗಳಲ್ಲೇ ಪರಂಪರೆಗೆ ಪ್ರಶ್ನೆ ಹಾಕಿದರು. ಬೌದ್ಧರು ಬರೆದದ್ದೆಲ್ಲ ಬುದ್ಧನ ಮಾತು ಎಂದು ಅವರು ಒಪ್ಪಲಿಲ್ಲ. ಬುದ್ಧರ ಸಂಘದಲ್ಲಿ ಕಸ ಗುಡಿಸುತ್ತಿದ್ದ ಸುನೀತ ಇದ್ದರು. ಅಕ್ಷರದ ವಿಷಯದಲ್ಲೂ ಬುದ್ಧರ ನಿಲುವು ವಿನಯ ಪಿಟಕದಲ್ಲಿದೆ: ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಇಬ್ಬರು ಭಿಕ್ಷುಗಳು, ನಿಮ್ಮ ಮಾತುಗಳನ್ನು ಛಂದಸ್ಸಿನ ಭಾಷೆಗೆ ಹಾಕುತ್ತೇವೆ ಎಂದು ಕೇಳಿದಾಗ ಅವರು ಬೇಡವೆಂದು ಗದರಿ, ಜನ ತಮ್ಮ ತಮ್ಮ ಮಾತಿನಲ್ಲೇ ಕಲಿಯಲಿ ಎಂದರು. ಜಪಾನಿನಲ್ಲೂ ಆ ದಾರಿ ಹಿಡಿದವರಿದ್ದರು. ಉತ್ತರದ ನಂಬು ಎಂಬ ಬಡ ಸೀಮೆಯಲ್ಲಿ ಓದು ಬಾರದ ರೈತರಿಗಾಗಿ ಹೃದಯ ಸೂತ್ರವನ್ನು ಚಿತ್ರಗಳಲ್ಲಿ ಬರೆದರು. ಅಲ್ಲಿ ಅನ್ನ ಬೇಯಿಸುವ ಪಾತ್ರೆಗೆ 'ಕಮ' ಎನ್ನುತ್ತಾರೆ. ಅದನ್ನು ತಲೆಕೆಳಗಾಗಿ ಬರೆದರೆ 'ಮಕ', ಅಂದರೆ ಸೂತ್ರದ ಮೊದಲ ಪದ 'ಮಹಾ'. ಬೋರಲು ಬಿದ್ದ ಪಾತ್ರೆ ನೋಡಿ ಒಬ್ಬ ರೈತ ಹೆಂಗಸು ಸೂತ್ರ ಓದುವುದನ್ನು ಊಹಿಸಿಕೊಳ್ಳಿ. ಓದು ಬಾರದವರಿಗೆ ಓದಿಸಿದವರೂ ಬೌದ್ಧರೇ, ಓದು ಬಾರದ್ದನ್ನು ಬಳಸಿಕೊಂಡವರೂ ಬೌದ್ಧರೇ. ಇದನ್ನು ಮುಚ್ಚಿಟ್ಟು ನಾವು ಯಾರನ್ನು ಕಾಪಾಡಿದ ಹಾಗಾಯಿತು?

ಈ ಪ್ರಶ್ನೆ ಬರೆದುಕೊಂಡ ರಾತ್ರಿಯೇ ನನ್ನ ಸುಳ್ಳು ಎದ್ದು ಬಂತು.

ನಮ್ಮ ಮೂಲ ಊರು ಮುಳಬಾಗಿಲು ತಾಲ್ಲೂಕಿನದು. ಅಪ್ಪನ ಕಾಲಕ್ಕೆ ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಕೆಲಸಕ್ಕೆಂದು ಬಂದು ಇಲ್ಲೇ ಉಳಿದೆವು. ಮೂಲ ಊರಿನಲ್ಲಿ ತಾತನಿಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಬಂದ ಎರಡು ಎಕರೆ ಇತ್ತು. 1960ರ ದಶಕದಲ್ಲಿ ಅದು ಕೈ ಬಿಟ್ಟು ಹೋಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ವಾಪಸ್ ಕೊಡಿಸುವ 1978ರ ಪಿಟಿಸಿಎಲ್ ಕಾಯ್ದೆ ಇದೆಯಲ್ಲ, ಅದಕ್ಕೆ 2023ರಲ್ಲಿ ತಿದ್ದುಪಡಿ ಬಂದು, ಅರ್ಜಿ ಹಾಕಲು ಕಾಲಮಿತಿಯ ಅಡ್ಡಿ ಇಲ್ಲ ಎಂದಾಯಿತು. ಆಗ ನಾನು ಓಡಾಡಿ ಹಳೆಯ ಕ್ರಯಪತ್ರದ ನಕಲು ತೆಗೆಸಿದೆ.

ಸಂಜೆ ಮನೆಯಲ್ಲಿ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಅಪ್ಪನಿಗೆ ಓದು ಬರುವುದಿಲ್ಲ. ಮನೆಯಲ್ಲಿ ನಾವು ಆಡುವುದು ತೆಲುಗು. "ಪತ್ರ ಓದು, ನಮ್ಮ ನಾಯನ ಹೆಸರು ಎಲ್ಲಿದೆ ನೋಡೋಣ" ಎಂದರು. ಮೇಲೆ ದೊಡ್ಡಕ್ಷರದಲ್ಲಿ 'ಶುದ್ಧ ಕ್ರಯಪತ್ರ' ಎಂದಿತ್ತು. ಕೊಂಡವರ ಹೆಸರಿನ ಮುಂದೆ 'ರವರಿಗೆ'. ತಾತನ ಹೆಸರು ಮುನಿಯಪ್ಪ, ನಿಮ್ಮ ನಮ್ಮ ಊರುಗಳಲ್ಲಿ ಬೀದಿಗೊಬ್ಬರು ಇರುವ ಹೆಸರು. ಪತ್ರದಲ್ಲಿ ಇದ್ದದ್ದು 'ಮುನಿಗ'. ಅದೂ ತಾತನೇ ಹೇಳಿದ ಹಾಗೆ: ಮುನಿಗನಾದ ನಾನು ನನ್ನ ಸ್ವಂತ ಖುಷಿಯಿಂದ ಬರೆದುಕೊಟ್ಟದ್ದು ಏನೆಂದರೆ, ಎಂದು. ಕೊನೆಯಲ್ಲಿ, ಓದಿಸಿ ಕೇಳಿ ಸರಿಯೆಂದು ಒಪ್ಪಿ ಹಾಕಿದ ಎಡಗೈ ಹೆಬ್ಬೆಟ್ಟು. ಅದರ ಕೆಳಗೆ ಬರೆದವನ ಬಿಕ್ಕಲಂ ಸಹಿ, ಎಷ್ಟು ಸೊಗಸಾದ ಕೈಬರಹ!

ನಾನು "ಮುನಿಯಪ್ಪನಾದ ನಾನು" ಎಂದು ಓದಿದೆ.

ಎಪ್ಪತ್ತು ದಾಟಿದ ಮನುಷ್ಯ, ಈ ವಯಸ್ಸಿನಲ್ಲಿ ಇದನ್ನು ಯಾಕೆ ಕೇಳಬೇಕು ಎನಿಸಿತ್ತು. ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. "ಸರಿ" ಎಂದರು. ಆಮೇಲೆ ಕೇಸಿನ ವಿಷಯದಲ್ಲಿ ಯಾಕೋ ತಣ್ಣಗಾದರು. ಎಸಿ ಆಫೀಸಿಗೆ ಬಂದು ಹೇಳಿಕೆ ಕೊಡಬೇಕು ಎಂದರೆ, ಕಾಲು ನೋವು, ನಾಳೆ ನೋಡೋಣ, ಮಳೆ ಎಂದು ತಳ್ಳುತ್ತಲೇ ಹೋದರು. ವಯಸ್ಸಾಯಿತು, ಭಯ ಇರಬೇಕು ಎಂದುಕೊಂಡೆ. ಅದೂ ನಾನೇ ಕಟ್ಟಿಕೊಂಡ ಕಥೆ.

ಅಭಯ ರಾಜಕುಮಾರ ಸುತ್ತದಲ್ಲಿ ಒಂದು ಪ್ರಸಂಗವಿದೆ. ಇನ್ನೊಬ್ಬರಿಗೆ ಅಪ್ರಿಯವಾದ ಮಾತನ್ನು ತಥಾಗತರು ಆಡುತ್ತಾರೆಯೇ ಎಂದು ಅಭಯ ಕೇಳುತ್ತಾನೆ. ಅವನ ತೊಡೆಯ ಮೇಲೆ ಒಂದು ಹಸುಗೂಸು ಇರುತ್ತದೆ. ಆ ಕೂಸು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯೆ ಎಂದು ಬುದ್ಧರು ಮರುಪ್ರಶ್ನೆ ಹಾಕುತ್ತಾರೆ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ ಎನ್ನುತ್ತಾನೆ ಅಭಯ, ಕೂಸಿನ ಮೇಲಿನ ಕರುಣೆಯಿಂದ. ಆಗ ಬುದ್ಧರು ಹೇಳುವುದರ ಸಾರ ಇಷ್ಟು: ನಿಜವಲ್ಲದ್ದನ್ನು, ಹಿತವಿಲ್ಲದ್ದನ್ನು ತಥಾಗತ ಆಡುವುದಿಲ್ಲ, ಅದು ಎಷ್ಟೇ ಪ್ರಿಯವಾಗಿದ್ದರೂ. ನಿಜವೂ ಹಿತವೂ ಆದದ್ದು ಅಪ್ರಿಯವಾಗಿದ್ದರೆ, ಹೇಳುವ ಕಾಲ ನೋಡಿ ಹೇಳುತ್ತಾನೆ. ಈ 'ಕಾಲ ನೋಡಿ' ಎಂಬುದನ್ನು ಹಿಡಿದುಕೊಂಡು ನಾನು ಒಂದು ವರ್ಷ ನೆಮ್ಮದಿಯಾಗಿದ್ದೆ. ಸುತ್ತದಲ್ಲಿ ಕಾಲ ನೋಡುವುದು ಸುಮ್ಮನಿರಲು. ನಾನು ಸುಮ್ಮನಿರಲಿಲ್ಲ, ಬೇರೆಯದನ್ನು ಓದಿದ್ದೆ. ಎರಡಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಕರುಣೆ ಎಂದುಕೊಂಡಿದ್ದೆನಲ್ಲ, ಅದನ್ನೂ ಒಮ್ಮೆ ನೋಡಿದೆ. ಓದು ಬಂದವನು ಒಬ್ಬ, ಬಾರದವನು ಒಬ್ಬ. ಏನು ಕೇಳಿಸಬೇಕು ಎಂದು ಓದು ಬಂದವನೇ ತೀರ್ಮಾನಿಸುತ್ತಾನೆ. ಕಲ್ಲಿನ ಮುಂದೆ ನಿಂತ ಪುರೋಹಿತ ಮಾಡಿದ್ದೂ ಅದೇ, ತಾತನಿಗೆ ಪತ್ರ 'ಓದಿ ಹೇಳಿದ' ಬಿಕ್ಕಲಂನವನು ಮಾಡಿದ್ದೂ ಅದೇ. ಅವರದ್ದು ಕೆಡುಕು, ನನ್ನದು ಪ್ರೀತಿ, ನಿಜ. ಆದರೆ ಜಗಲಿಯ ಮೇಲೆ ಕೂತಿದ್ದ ಅಪ್ಪನ ಜಾಗ ಮಾತ್ರ ಬದಲಾಗಿರಲಿಲ್ಲ. ಅವರು ಅವತ್ತೂ ಓದಿ ಹೇಳಿದ್ದನ್ನು ನಂಬಬೇಕಾದವರು, ಇವತ್ತೂ ಅಷ್ಟೇ. ಇದನ್ನು ಪ್ರೀತಿಯಿಂದ ಮಾಡಿದರೆ ಇನ್ನೂ ಕಷ್ಟ ಎಂದು ನನ್ನ ಅನಿಸಿಕೆ, ಏಕೆಂದರೆ ಎದುರಿನವರು ಅನುಮಾನ ಪಡುವಂತೆಯೂ ಇಲ್ಲ.

ಮೊನ್ನೆ ವಾರದ ರಜೆಗೆ ಪತ್ರ ತೆಗೆದುಕೊಂಡು ಅಪ್ಪನ ಎದುರು ಕೂತೆ. "ಅವತ್ತು ನಾನು ಇದ್ದದ್ದನ್ನು ಇದ್ದ ಹಾಗೆ ಓದಲಿಲ್ಲ. ಇದರಲ್ಲಿ ತಾತನ ಹೆಸರು ಮುನಿಗ ಅಂತಿದೆ" ಎಂದೆ. ಎದೆ ಹೊಡೆದುಕೊಳ್ಳುತ್ತಿತ್ತು.

ಅಪ್ಪ ತೆಲುಗಿನಲ್ಲಿ ಅಂದದ್ದನ್ನು ಇಲ್ಲಿ ಕನ್ನಡದಲ್ಲಿ ಹಾಕುತ್ತೇನೆ: "ಊರೆಲ್ಲ ಮುನಿಗಾಡು ಅಂತಾನೇ ಕೂಗ್ತಿದ್ದದ್ದು. ಮುನಿಯಪ್ಪ ಅಂತ ಯಾವ ದೊಡ್ಡವನೂ ಬರೆಸಿರಲ್ಲ. ನೀನು ಮುನಿಯಪ್ಪ ಅಂತ ಓದಿದೆಯಲ್ಲ, ಪಾಪ, ಹುಡುಗ ಬೇರೆ ಯಾರದ್ದೋ ಪತ್ರಕ್ಕೆ ದುಡ್ಡು ಕಟ್ಟಿ ತಂದಿದಾನೆ ಅನ್ಕೊಂಡೆ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಸುಮ್ನಾದೆ. ಬೇರೆಯವರ ಜಮೀನಿಗೆ ನಾನು ಹೆಂಗೆ ಹೇಳಿಕೆ ಕೊಡ್ಲಿ?"

ನನಗೆ ಮಾತೇ ಹೊರಡಲಿಲ್ಲ. ಅವರೇ ಪತ್ರದ ಮೇಲೆ ಬೆರಳಿಟ್ಟು, "ಇನ್ನೊಂದು ಸಲ ಓದು, ಮೊದಲಿಂದ. ಒಂದು ಅಕ್ಷರ ಬಿಡಬೇಡ" ಎಂದರು. ಓದಿದೆ. ಶುದ್ಧ ಕ್ರಯಪತ್ರದಿಂದ ಹಿಡಿದು ಮುನಿಗನಾದ ನಾನು, ಸ್ವಂತ ಖುಷಿ, ಎಲ್ಲವನ್ನೂ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಚೆಕ್ಕುಬಂದಿಗೆ ಬಂದಾಗ, ಪೂರ್ವಕ್ಕೆ ಸರ್ಕಾರಿ ಕಾಲುವೆ ಎಂದು ಓದಿದ ಕೂಡಲೇ ಕೈ ಎತ್ತಿ ನಿಲ್ಲಿಸಿದರು.

"ಕಾಲುವೆ ಇದ್ದದ್ದು ಪಡುವಲಿಗೆ. ಪೂರ್ವಕ್ಕೆ ನಮ್ಮ ಚಿಕ್ಕಪ್ಪನ ಹುಣಸೇಮರ. ಈ ಪತ್ರ ಬರೆದೋನು ಜಮೀನು ನೋಡೇ ಇಲ್ಲ. ಬರ್ಕೋ ಇದನ್ನ. ಸೋಮವಾರ ಎಸಿ ಆಫೀಸಿಗೆ ಎಷ್ಟು ಗಂಟೆಗೆ ಹೋಗ್ಬೇಕು?"

ನಮೋ ಬುದ್ಧಾಯ. ಜೈ ಭೀಮ್.